ಹಣ್ಣುನೊಣಕ್ಕೆ ಮಣ್ಣಿನಲ್ಲೇ ತಡೆ: ಕೀಟನಾಶಕ ಶಿಲೀಂಧ್ರಗಳ ಟಿಪ್ಪಣಿ

ಮಾವು, ಸೀಬೆಗೆ ಬರುವ ಹಣ್ಣುನೊಣ ಬ್ಯಾಕ್ಟ್ರೊಸೆರಾ ಡಾರ್ಸಾಲಿಸ್. ಇದು ಸಿಪ್ಪೆಯಡಿ ಮೊಟ್ಟೆ ಇಡುತ್ತದೆ. ಹುಳು ತಿರುಳಿನೊಳಗೆ ಇರುವಷ್ಟು ದಿನ ಸಿಂಪಡಣೆ ಅದಕ್ಕೆ ಸರಿಯಾಗಿ ತಾಗುವುದಿಲ್ಲ. ಬಲಿತ ಮೇಲೆ ನೆಲಕ್ಕೆ ಬಿದ್ದು, ಹೆಚ್ಚಾಗಿ 2ರಿಂದ 5 ಸೆಂ.ಮೀ. ಆಳದಲ್ಲಿ ಕೋಶ (ಪ್ಯೂಪಾ) ಆಗುತ್ತದೆ. ಮೆಟಾರೈಜಿಯಂ ಅನಿಸೊಪ್ಲಿಯೆ, ಬ್ಯೂವೇರಿಯಾ ಬಾಸಿಯಾನಾ ಶಿಲೀಂಧ್ರಗಳಿಗೆ ಕೆಲಸ ಇರುವುದು ಈ ತೆಳು ಪದರದಲ್ಲೇ.

ಹುಳು ಈ ಶಿಲೀಂಧ್ರವನ್ನು ತಿನ್ನಬೇಕಾಗಿಲ್ಲ. ಬೀಜಕಣ ಚರ್ಮಕ್ಕೆ ಅಂಟಿ ಮೊಳೆಯುತ್ತದೆ, ಚರ್ಮದಲ್ಲಿರುವ ಪ್ರೋಟೀನ್ ಮತ್ತು ಕೈಟಿನ್ ಎಂಬ ಗಟ್ಟಿ ವಸ್ತುವನ್ನು ಕರಗಿಸುವ ಕಿಣ್ವಗಳಿಂದ ದಾರಿ ಮಾಡಿಕೊಂಡು ಒಳಹೊಕ್ಕು ರಕ್ತದಲ್ಲಿ ಬೆಳೆಯುತ್ತದೆ.

ಹೆಚ್ಚಿನವರು ಬಿಟ್ಟುಬಿಡುವ ಅಂಶ ಒಂದಿದೆ. ಹಣ್ಣುನೊಣದ ಕೋಶದ ಹೊರಕವಚ ಬೇರೇನಲ್ಲ, ಹುಳುವಿನದೇ ಕೊನೆಯ ಚರ್ಮ ಗಟ್ಟಿಯಾದದ್ದು. ಅದು ಕಂದುಬಣ್ಣಕ್ಕೆ ತಿರುಗಿ ಬಿಗಿಯಾದ ಮೇಲೆ ಶಿಲೀಂಧ್ರ ಒಳಹೋಗುವುದು ಕಷ್ಟ. ಸಿಗುವ ಅವಕಾಶ ಎರಡೇ: ಆಗತಾನೇ ಬಿದ್ದ ಹುಳು, ಇಲ್ಲವೇ ಕೋಶ ಒಡೆದು ಮಣ್ಣು ಸೀಳಿಕೊಂಡು ಮೇಲೆ ಬರುವ ಎಳೆ ನೊಣ. ಆದ್ದರಿಂದ ಹುಳು ಬೀಳುವ ಮೊದಲೇ ಬೀಜಕಣ ಮಣ್ಣಿನಲ್ಲಿರಬೇಕು. ಕೊಳೆತ ಹಣ್ಣು ನೆಲ ತುಂಬಿದ ಮೇಲೆ ಹಾಕಿದರೆ ಆ ಪೀಳಿಗೆಯ ಬಹುಪಾಲು ಕೈತಪ್ಪಿರುತ್ತದೆ.

ತಯಾರಿ ಹೀಗೆ. ಎಕರೆಗೆ, ಗ್ರಾಂಗೆ 10 ಕೋಟಿ ಬೀಜಕಣವಿರುವ ಶಿಲೀಂಧ್ರದ ಪುಡಿ 2 ಕೆ.ಜಿ.ಯನ್ನು ಚೆನ್ನಾಗಿ ಕಳಿತ 200 ಕೆ.ಜಿ. ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಗುಡ್ಡೆ ಮಾಡಿ ಒದ್ದೆ ಗೋಣಿಚೀಲ ಹೊದಿಸಿ 10ರಿಂದ 15 ದಿನ ಇಡಿ. ಹಿಡಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ಮಾತ್ರ ಸೋರಬಾರದು. ಹಸಿ ಸಗಣಿ ಬೇಡ, ಅದರ ಕಾವು ಏರಿ ಬೀಜಕಣವನ್ನು ಕೊಲ್ಲುತ್ತದೆ. 10 ಮೀಟರ್ ಅಂತರದ ಮಾವಿನಲ್ಲಿ ಎಕರೆಗೆ 40 ಮರ, ಅಂದರೆ ಮರಕ್ಕೆ 5 ಕೆ.ಜಿ. ಬುಡಕ್ಕೆ ಸುರಿಯದೆ ಕೊಂಬೆಗಳ ನೆರಳು ಬೀಳುವಷ್ಟು ಅಗಲಕ್ಕೂ ಹರಡಿ, ಸಂಜೆ ಹೊತ್ತು 5 ಸೆಂ.ಮೀ. ಮಣ್ಣಿಗೆ ಕೆದಕಿ, ತರಗೆಲೆ ಮುಚ್ಚಿ.

ಸೋಲುವ ಕಾರಣ ಊರಿಂದ ಊರಿಗೆ ಬೇರೆ. ಕಡೂರು, ಅರಸೀಕೆರೆಯ ಬಯಲಲ್ಲಿ ಶತ್ರು ಒಣಮಣ್ಣು ಮತ್ತು ಬಿಸಿಲು. ಈ ಶಿಲೀಂಧ್ರಗಳಿಗೆ 25ರಿಂದ 28 ಡಿಗ್ರಿ ಹಿತ, 35 ದಾಟಿದರೆ ಬೆಳವಣಿಗೆ ಬಹುತೇಕ ನಿಲ್ಲುತ್ತದೆ. ಏಪ್ರಿಲ್ ಮಳೆಯ ಹದ ನೋಡಿಕೊಂಡು ಹಾಕುವುದೇ ಸರಿ. ಮೂಡಿಗೆರೆ, ಸಕಲೇಶಪುರದ ಕಡೆ ತೊಂದರೆ ತಾಮ್ರದ ಶಿಲೀಂಧ್ರನಾಶಕಗಳದು: ಬೋರ್ಡೋ ದ್ರಾವಣವೋ ಮೆಣಸಿನ ಬಳ್ಳಿಯ ಬುಡಕ್ಕೆ ಸುರಿದ ಕಾಪರ್ ಆಕ್ಸಿಕ್ಲೋರೈಡೋ ಈ ಶಿಲೀಂಧ್ರವನ್ನೂ ಹತ್ತಿಕ್ಕುತ್ತದೆ. ಎರಡನ್ನೂ ಒಂದೇ ಪಾತಿಗೆ ಹಾಕಬೇಡಿ.

ಹಿಪ್ಪುನೇರಳೆ ತೋಟ ಅಥವಾ ರೇಷ್ಮೆ ಸಾಕುವ ಮನೆ ಹತ್ತಿರವಿದ್ದರೆ ಈ ಎರಡೂ ಶಿಲೀಂಧ್ರ ಬೇಡವೇ ಬೇಡ. ರೇಷ್ಮೆಹುಳುವಿನ ಸುಣ್ಣಕಟ್ಟು ರೋಗಕ್ಕೆ ಬ್ಯೂವೇರಿಯಾವೇ ಕಾರಣ ಎಂದು ಇಟಲಿಯ ಅಗೊಸ್ಟಿನೊ ಬಾಸಿ 1835ರಲ್ಲೇ ತೋರಿಸಿದ್ದರು. ಮೆಟಾರೈಜಿಯಂ ಕೂಡ ಅದೇ ಹುಳುವಿಗೆ ಹಸಿರು ಸುಣ್ಣಕಟ್ಟು ತರುತ್ತದೆ.

ಕೆಲಸ ಆಗಿದೆಯೇ ಎಂದು ತಿಳಿಯಲು ಮರದಡಿಯ ಮಣ್ಣು ಜರಡಿ ಹಿಡಿದು ಸತ್ತ ಹುಳು, ಕೋಶಗಳನ್ನು ಆರಿಸಿ, ಒದ್ದೆ ಬ್ಲಾಟಿಂಗ್ ಕಾಗದದ ಮೇಲೆ ಮುಚ್ಚಿಡಿ. ವಾರದೊಳಗೆ ಬಿಳಿ ಬೂಸ್ಟು ಬಂದು ಆಮೇಲೆ ಹಸಿರು ಪುಡಿಯಾದರೆ ಮೆಟಾರೈಜಿಯಂ, ಹಿಟ್ಟಿನಂತೆ ಬೆಳ್ಳಗೇ ಉಳಿದರೆ ಬ್ಯೂವೇರಿಯಾ. ಕಪ್ಪಾಗಿ ಕೊಳೆತು ನಾರಿದರೆ ಸಾವಿಗೆ ಕಾರಣ ಬೇರೆ, ಅದನ್ನು ಲೆಕ್ಕಕ್ಕೆ ಸೇರಿಸಬೇಡಿ.