ಕೋಲನ್‌ಗೆ ಸಂಬಂಧವಿಲ್ಲದ ಕಾಲಿಕ್

ಕಾಫಿ ಕುಯ್ಲಿನ ಸಮಯ. ಸಕಲೇಶಪುರ ಕಡೆಯ ಗೌಡರೊಬ್ಬರು ಬೆಳಗ್ಗೆ ಎಂಟಕ್ಕೇ ಹಾಸನದ ನನ್ನ ಕ್ಲಿನಿಕ್ಕಿಗೆ ಬಂದರು. ಕೂರಿ ಅಂದರೆ ಕೂರಲಿಲ್ಲ. ಕುರ್ಚಿ ಹಿಡಿದು ಬಗ್ಗಿದರು, ಎದ್ದರು, ಬಾಗಿಲ ತನಕ ಹೋಗಿ ಬಂದರು, ಮತ್ತೆ ಬಗ್ಗಿದರು. ಹಿಂದೆ ನಿಂತಿದ್ದ ಮಗನ ಕೈಯಲ್ಲಿ ಹಿಂದಿನ ರಾತ್ರಿ ಬೇರೆ ಕಡೆ ಬರೆದುಕೊಟ್ಟ ಚೀಟಿ. ಅದರಲ್ಲಿ 'ರೀನಲ್ ಕಾಲಿಕ್' ಅಂತಿತ್ತು. ಹುಡುಗ ರಾತ್ರಿಯೆಲ್ಲಾ ಮೊಬೈಲ್ ನೋಡಿದ್ದಾನೆ. ಕಾಲಿಕ್‌ನಿಂದ ಕೋಲನ್‌ಗೆ ಹೋಗಿ, ಅಲ್ಲಿಂದ ಕ್ಯಾನ್ಸರ್ ತನಕ ಮುಟ್ಟಿ ಬಂದಿದ್ದಾನೆ.

"ಸಾರ್, ಅಪ್ಪಂಗೆ ದೊಡ್ಡ ಕರುಳಿಂದೇ ತೊಂದ್ರೆನಾ?" ಅಂದ ಮೆಲ್ಲಗೆ.

ಅವನ ತಪ್ಪಿಲ್ಲ. ಎರಡೂ ಪದ ಒಂದೇ ಗ್ರೀಕ್ ಬೇರಿನವು. ಕೋಲನ್ ಅಂದರೆ ದೊಡ್ಡ ಕರುಳು, ನಮ್ಮೊಳಗಿರುವ ಸುಮಾರು ಒಂದೂವರೆ ಮೀಟರಿನ ಕೊಳವೆ. ಅಲ್ಲಿಯ ನೋವಿಗೆ ಹಿಂದೆ ಕಾಲಿಕ್ ಎಂದು ಹೆಸರಾಯಿತು. ಆಮೇಲೆ ಆ ಹೆಸರು ಕರುಳು ಬಿಟ್ಟು ಊರೆಲ್ಲಾ ತಿರುಗಿತು. ಈಗ ಕಾಲಿಕ್ ಅನ್ನುವುದು ಜಾಗದ ಹೆಸರಲ್ಲ, ನೋವಿನ ರೀತಿಯ ಹೆಸರು. ಹೊಟ್ಟೆಯೊಳಗಿನ ಯಾವುದೋ ಕೊಳವೆಗೆ ಏನೋ ಅಡ್ಡ ಸಿಕ್ಕಿಕೊಂಡಿದೆ, ಅದನ್ನು ತಳ್ಳಲು ಕೊಳವೆಯ ಗೋಡೆ ಹಿಂಡುತ್ತಿದೆ ಅಂತ ಅರ್ಥ. ರೀನಲ್ ಅಂದರೆ ಮೂತ್ರಪಿಂಡದ್ದು. ಗೌಡರಲ್ಲಿ ಹಿಂಡುತ್ತಿದ್ದುದು ಮೂತ್ರಪಿಂಡದಿಂದ ಕೆಳಗಿಳಿಯುವ ಮೂತ್ರನಾಳ. ಉದ್ದ ಸುಮಾರು 25 ಸೆಂಟಿಮೀಟರ್, ಒಳಗಿನ ಅಗಲ 3-4 ಮಿಲಿಮೀಟರ್ ಅಷ್ಟೆ. ಅದರಲ್ಲಿ 4 ಮಿಲಿಮೀಟರಿನ ಕಲ್ಲು ಸಿಕ್ಕಿಕೊಂಡಿದ್ದು ಸ್ಕ್ಯಾನಿಂಗ್‌ನಲ್ಲಿ ಕಂಡಿತು. ನೋವು ಬೆನ್ನ ಪಕ್ಕೆಯಲ್ಲಿ ಹುಟ್ಟಿ ತೊಡೆಸಂದಿಗೆ ಇಳಿಯುವುದೂ ಅದಕ್ಕೇ. ದೊಡ್ಡ ಕರುಳು ಆ ಕಡೆ ತಲೆಯನ್ನೇ ಹಾಕಿರಲಿಲ್ಲ.

ನಿಜ ಹೇಳಬೇಕೆಂದರೆ, ಆ ಓಡಾಟ ನೋಡಿದಾಗಲೇ ನನಗೆ ಅರ್ಧ ಗೊತ್ತಾಗಿತ್ತು. ಕೊಳವೆ ಹಿಂಡುವ ನೋವಿನವರು ಒಂದು ಕಡೆ ನಿಲ್ಲುವುದಿಲ್ಲ. ಹೊಟ್ಟೆಯ ಒಳಪೊರೆಗೇ ಉರಿಯೂತ ಬಂದವರು, ಅಂದರೆ ಅಪೆಂಡಿಕ್ಸ್ ಒಡೆದವರು ಅಂತಿಟ್ಟುಕೊಳ್ಳಿ, ಮಂಚದಲ್ಲಿ ಅಲ್ಲಾಡದೆ ಮಲಗಿರುತ್ತಾರೆ. ಕೆಮ್ಮಿದರೂ ಜೀವ ಹೋದ ಹಾಗೆ. ಸುಮ್ಮನೆ ಮಲಗಿರುವ ರೋಗಿಯನ್ನು ಕಂಡರೆ ನನಗೆ ಭಯ ಜಾಸ್ತಿ.

ನನ್ನ ತಕರಾರು ಇನ್ನೊಂದಿದೆ. ಈಗ ಯಾರನ್ನು ಕೇಳಿದರೂ "ಗ್ಯಾಸ್ಟ್ರಿಕ್ ಡಾಕ್ಟ್ರೇ" ಅನ್ನುತ್ತಾರೆ. ಎದೆ ಉರಿಯೂ ಗ್ಯಾಸ್ಟ್ರಿಕ್, ಪಿತ್ತದ ಕಲ್ಲೂ ಗ್ಯಾಸ್ಟ್ರಿಕ್, ಹಾರ್ಟ್ ಅಟ್ಯಾಕೂ ಗ್ಯಾಸ್ಟ್ರಿಕ್! ಆ ಪದಕ್ಕೆ ಜಠರದ್ದು ಅನ್ನುವುದಕ್ಕಿಂತ ಹೆಚ್ಚಿನ ಅರ್ಥವಿಲ್ಲ. ಆಲೂರಿನ ಅಜ್ಜಿಯೊಬ್ಬರು ಮಾತ್ರ ಬೇರೆ ಥರ ಹೇಳಿದ್ದರು. "ಹೊಕ್ಕಳ ಸುತ್ತ ನುಲಿತದೆ ಕಣಪ್ಪ, ಬಿಟ್ಟು ಬಿಟ್ಟು ಬರ್ತದೆ, ಬಂದಾಗ ಬಟ್ಟೆ ಹಿಂಡಿದಂಗೆ." ಜಾಗ, ರೀತಿ, ಸಮಯ ಮೂರೂ ಬಂತು. ಮೆಡಿಕಲ್ ಕಾಲೇಜಿನಲ್ಲಿ ಕಾಲಿಕ್ ಪಾಠಕ್ಕೆ ನಮಗೆ ಒಂದು ಗಂಟೆ ಬೇಕಾಗಿತ್ತು.

ನುಲಿ ಅನ್ನುವುದು ಒಮ್ಮೊಮ್ಮೆ ಅಕ್ಷರಶಃ ನಿಜವೂ ಹೌದು. ದೊಡ್ಡ ಕರುಳಿನ ಕೊನೆಯಲ್ಲಿ ಸಿಗ್ಮಾಯ್ಡ್ ಎಂಬ ಡೊಂಕು ಭಾಗವಿದೆ. ಸಿಗ್ಮಾ ಎಂಬ ಗ್ರೀಕ್ ಅಕ್ಷರದಿಂದ ಬಂದ ಹೆಸರು. ಬಹಳ ವರ್ಷ ಮಲಬದ್ಧತೆ ಇರುವ ವಯಸ್ಸಾದವರಲ್ಲಿ ಅದು ಹಗ್ಗದ ಹಾಗೆ ತಿರುಚಿಕೊಳ್ಳಬಹುದು. ಹೊಟ್ಟೆ ನಗಾರಿಯಂತೆ ಉಬ್ಬುತ್ತದೆ, ಗಾಳಿ ಹೋಗುವುದಿಲ್ಲ, ಮಲವೂ ಇಲ್ಲ. ಇದಕ್ಕೆ ಸೋಡಾ ಕುಡಿದು ಬೆಳಗಾಗಲಿ ಅಂತ ಕಾಯಬಾರದು. ರಕ್ತ ಓಡಾಟ ನಿಂತರೆ ಆ ಭಾಗ ಸತ್ತುಹೋಗುತ್ತದೆ.

ಡಾಕ್ಟರ ಚೀಟಿಗಳಲ್ಲಿ ಕಾಣುವ, ಇದೇ ಥರ ಗೊಂದಲ ಮಾಡುವ ಇನ್ನೆರಡು ಪದ. ಕೊಲೆಕ್ಟಮಿ ಅಂದರೆ ದೊಡ್ಡ ಕರುಳನ್ನು ಅಥವಾ ಅದರ ಭಾಗವನ್ನು ತೆಗೆಯುವುದು (ಹೆಸರಲ್ಲೇ ಕೊಲೆ ಇದೆ ಅಂತ ಒಬ್ಬರು ಸಹಿ ಹಾಕಲು ಹಿಂಜರಿದಿದ್ದರು). ಕೋಲಿಸಿಸ್ಟೆಕ್ಟಮಿ ಅಂದರೆ ಪಿತ್ತಕೋಶ ತೆಗೆಯುವುದು. ಇಲ್ಲಿಯ 'ಕೋಲಿ' ಪಿತ್ತಕ್ಕೆ ಸೇರಿದ್ದು, ಕೋಲನ್‌ಗೆ ನೆಂಟಸ್ತಿಕೆ ಇಲ್ಲ. ಕೊಲೆಸ್ಟರಾಲ್‌ ಹೆಸರಿನಲ್ಲಿರುವುದೂ ಅದೇ ಪಿತ್ತ. ಅದು ಮೊದಲು ಸಿಕ್ಕಿದ್ದೇ ಪಿತ್ತದ ಕಲ್ಲಿನಲ್ಲಿ. ಅಂದ ಹಾಗೆ ಪಿತ್ತಕೋಶದ ನೋವಿಗೂ ಬಿಲಿಯರಿ ಕಾಲಿಕ್ ಅನ್ನುತ್ತೇವೆ, ಆದರೆ ಅದು ಬಿಟ್ಟು ಬಿಟ್ಟು ಬರುವುದು ಕಡಿಮೆ. ಜಿಡ್ಡಿನ ಊಟ ಆದಮೇಲೆ ಹಿಡಿದುಕೊಂಡರೆ ಗಂಟೆಗಟ್ಟಲೆ ಒಂದೇ ಸಮ ಇರುತ್ತದೆ. ಹೆಸರು ಇಟ್ಟವರ ಎಡವಟ್ಟು.

ಹಸುಗೂಸಿನ ಕಾಲಿಕ್ ಮತ್ತೊಂದು ಕಥೆ. ಆರೋಗ್ಯವಾಗಿರುವ ಮಗು ಸಂಜೆಯಾದರೆ ಸಾಕು, ಕಾಲು ಮಡಚಿಕೊಂಡು ಅಳುತ್ತದೆ. 1954ರಿಂದ ವೈದ್ಯರಲ್ಲಿ ಮೂರರ ಲೆಕ್ಕವೊಂದಿದೆ: ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಕ್ಕಿಂತ ಹೆಚ್ಚು, 3 ವಾರಕ್ಕಿಂತ ಹೆಚ್ಚು. ಕಾರಣ ಕರುಳೇ ಅಂತ ಇವತ್ತಿಗೂ ಖಚಿತವಿಲ್ಲ. ಮೂರು-ನಾಲ್ಕು ತಿಂಗಳಿಗೆ ತಾನಾಗೇ ಹೋಗುತ್ತದೆ. ಬಾಣಂತಿ ಮನೆಯಲ್ಲಿ ಅಜ್ಜಿ ಹೊಕ್ಕಳ ಸುತ್ತ ಇಂಗು ಹಚ್ಚಿದರೆ ನಾನು ಜಗಳಕ್ಕೆ ಹೋಗುವುದಿಲ್ಲ, ಬಾಯಿಗೆ ಮಾತ್ರ ಏನೂ ಹಾಕಬೇಡಿ. ಹಸಿರು ವಾಂತಿಯೋ ಜ್ವರವೋ ಇದ್ದರೆ ತಡ ಮಾಡದೆ ಆಸ್ಪತ್ರೆಗೆ.

ಗೌಡರಿಗೆ ಇಂಜೆಕ್ಷನ್ ಕೊಟ್ಟೆವು, ಅರ್ಧ ಗಂಟೆಗೆ ಕುರ್ಚಿಯಲ್ಲಿ ಕೂತರು. ಹತ್ತು ದಿನ ಬಿಟ್ಟು ಮತ್ತೆ ಬಂದರು, ಅಂಗಿ ಜೇಬಿನಲ್ಲಿ ಕಾಗದದ ಪೊಟ್ಟಣ. ಬಿಚ್ಚಿದರೆ ಕಂದು ಬಣ್ಣದ, ಮುಳ್ಳುಮುಳ್ಳಾದ ಚೂರು. ಮಗ ಅದರ ಮೇಲೆ ಮೊಬೈಲ್ ಹಿಡಿದು ಫೋಟೋ ತೆಗೆದ.

"ಲ್ಯಾಬಿಗೆ ಕಳಿಸ್ತೀನಿ ಗೌಡ್ರೇ, ಯಾವ ಥರದ ಕಲ್ಲು ಅಂತ ಗೊತ್ತಾಗ್ಲಿ" ಅಂದೆ.

"ಕಳ್ಸಿ. ಆದ್ರೆ ವಾಪಸ್ ಬೇಕು," ಅಂದರು. "ಮನೇಲಿ ಯಾರೂ ನಂಬ್ತಿಲ್ಲ."