‘ಡಾಕ್ಟರ್ ಹೂ’ ಮುಂದಿನ ಕಂತು ನೋಡಲು 1963ರಿಂದ ಶುರು ಮಾಡಬೇಕೇ?

ಪ್ರಶ್ನೆ: ಬಿಬಿಸಿಯ ವೈಜ್ಞಾನಿಕ ಕಲ್ಪನೆಯ ಟಿವಿ ಸರಣಿ ‘ಡಾಕ್ಟರ್ ಹೂ’ದ ಕ್ರಿಸ್‌ಮಸ್ ವಿಶೇಷ ಕಂತನ್ನು ನೋಡುವ ಆಸೆಯಿದೆ. ಹಿಂದಿನದು ಏನೂ ನೋಡಿಲ್ಲ. ಮೊದಲಿನಿಂದ ನೋಡದಿದ್ದರೆ ತಲೆಬುಡ ತಿಳಿಯುವುದಿಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರ ಮೇಲೆ ನನಗೆ ಬೇಸರವಿಲ್ಲ. 800ಕ್ಕೂ ಹೆಚ್ಚು ಕಂತುಗಳ ಬೆಟ್ಟವನ್ನು ತೋರಿಸಿ ಹೊಸಬರನ್ನು ಬಾಗಿಲಿನಿಂದಲೇ ಓಡಿಸುವವರ ಮೇಲೆ ಇದೆ.

ನೀವು ನೋಡಬೇಕಾದದ್ದು ಮೂರೇ ಕಂತು. 2005ರ ‘ರೋಸ್’, ಆಮೇಲೆ 2025ರ ಮೇ ತಿಂಗಳ ಜೋಡಿ ಕಂತುಗಳಾದ ‘ವಿಶ್ ವರ್ಲ್ಡ್’ ಮತ್ತು ‘ದಿ ರಿಯಾಲಿಟಿ ವಾರ್’. ಕಡೆಯದರ ಕೊನೆಯಲ್ಲಿ ಶೂಟಿ ಗಟ್ವಾ ನಟಿಸಿದ ಡಾಕ್ಟರ್, ಅಂದರೆ ಕಾಲದಲ್ಲಿ ಸಂಚರಿಸುವ ಕಥಾನಾಯಕ, ಬೆಳಕಿನಲ್ಲಿ ಕರಗಿ, ಆ ಜಾಗದಲ್ಲಿ ನಟಿ ಬಿಲ್ಲಿ ಪೈಪರ್ ಮುಖ ಕಾಣಿಸುತ್ತದೆ. 2005ರಲ್ಲಿ ಅಂಗಡಿಯ ಕೆಲಸದ ಹುಡುಗಿ ರೋಸ್ ಆಗಿ ಬಂದವರೂ ಅವರೇ. ಹೆಸರುಗಳ ಪಟ್ಟಿಯಲ್ಲಿ ಅವರನ್ನು ‘ಪರಿಚಯಿಸಲಾಗಿದೆ’ಯೇ ಹೊರತು ‘ಡಾಕ್ಟರ್ ಪಾತ್ರದಲ್ಲಿ’ ಎಂದು ಬರೆದಿಲ್ಲ. ಆ ಗಂಟು ಅಲ್ಲಿಗೇ ನಿಂತಿದೆ. 2026ರ ಕ್ರಿಸ್‌ಮಸ್‌ಗೆ ರಸಲ್ ಟಿ. ಡೇವಿಸ್ ಬರೆಯುವ ವಿಶೇಷ ಕಂತು ಬರುತ್ತದೆಂದು ಬಿಬಿಸಿ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಡಿಸ್ನಿಯ ಜೊತೆಗಿನ ಪಾಲುದಾರಿಕೆ ಮುಗಿದ ಸುದ್ದಿಯೂ ಆಗಲೇ ಬಂತು.

ಇನ್ನು ‘ಮೊದಲಿನಿಂದ ಎಲ್ಲವನ್ನೂ’ ಎಂಬ ಹಟಕ್ಕೆ ಬರೋಣ. ಹಾಗೆ ನೋಡಲು ಯಾರಿಂದಲೂ ಆಗುವುದಿಲ್ಲ, ಏಕೆಂದರೆ ಆ ‘ಎಲ್ಲ’ ಈಗ ಇಲ್ಲ. ಮೊದಲ ಇಬ್ಬರು ಡಾಕ್ಟರ್‌ಗಳಾದ ವಿಲಿಯಂ ಹಾರ್ಟ್‌ನೆಲ್ ಮತ್ತು ಪ್ಯಾಟ್ರಿಕ್ ಟ್ರೌಟನ್ ಕಾಲದಲ್ಲಿ ಪ್ರಸಾರವಾದದ್ದು 253 ಕಂತು. ಅದರಲ್ಲಿ 90ಕ್ಕೂ ಹೆಚ್ಚು ಕಂತುಗಳು ಇಂದು ಬಿಬಿಸಿಯ ಬಳಿಯೇ ಇಲ್ಲ. ವಿಡಿಯೊ ಟೇಪ್ ಆಗ ದುಬಾರಿ, ಅಳಿಸಿ ಮತ್ತೆ ಬಳಸುತ್ತಿದ್ದರು. ಕಲಾವಿದರ ಜೊತೆಗಿನ ಒಪ್ಪಂದಗಳಿಂದಾಗಿ ಮರುಪ್ರಸಾರಕ್ಕೆ ಮಿತಿಯಿತ್ತು. ಬಣ್ಣದ ಟಿವಿ ಬಂದ ಮೇಲೆ ಕಪ್ಪು ಬಿಳುಪನ್ನು ಕೊಳ್ಳುವವರು ಕಡಿಮೆಯಾದರು. ಮನೆಯಲ್ಲಿ ಕುಳಿತು ಹಳೆಯದನ್ನು ಮತ್ತೆ ನೋಡುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ‘ಮಾರ್ಕೊ ಪೋಲೊ’. 1964ರ ಈ ಏಳು ಕಂತಿನ ಕಥೆಯಲ್ಲಿ ಆರನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. 1963ರ ನವೆಂಬರ್ 23ರಂದು, ಕೆನಡಿ ಹತ್ಯೆಯ ಮರುದಿನ, ಪ್ರಸಾರವಾದ ಮೊಟ್ಟಮೊದಲ ಕಂತೂ ಅವರದೇ. ಆಗ ಅವರಿಗೆ 24 ವರ್ಷ, ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್‌ಗೆ 27. ಆ ಮೊದಲ ಕಥೆ ಉಳಿದಿದೆ, ‘ಮಾರ್ಕೊ ಪೋಲೊ’ದ ಏಳರಲ್ಲಿ ಒಂದೂ ಸಿಕ್ಕಿಲ್ಲ. ಸರಣಿಯ ನಾಲ್ಕನೆಯ ಕಥೆಯಲ್ಲೇ ದಾರಿ ಕಡಿದುಹೋಗಿದೆ. ‘ಒಂದನ್ನೂ ಬಿಡದೆ ನೋಡಿದ್ದೇನೆ’ ಎಂದು ಇಂದಿನ ಹುಡುಗರು ಯಾರಾದರೂ ಹೇಳಿದರೆ, ಅದನ್ನು ಯಾವ ಟಿವಿಯಲ್ಲಿ ನೋಡಿದರೆಂದು ಕೇಳಿ.

ಕಂತುಗಳೆಲ್ಲ ಉಳಿದಿದ್ದರೂ ಮೊದಲಿನಿಂದಲೇ ನೋಡಬೇಕೆಂಬ ವಾದಕ್ಕೆ ಬಲವಿರುತ್ತಿರಲಿಲ್ಲ. ಆರಂಭದಲ್ಲೇ ಎಲ್ಲ ನಿಯಮಗಳನ್ನೂ ಬರೆದಿಟ್ಟು, ಮುಂದೆ ಅದರ ಮೇಲೆ ಕಟ್ಟುತ್ತ ಬಂದಿದ್ದಾರೆಂದು ಜನ ತಿಳಿದಿದ್ದಾರೆ. ಅದು ತಪ್ಪು. ಡಾಕ್ಟರ್ ಮುಖ ಬದಲಿಸಬಲ್ಲ ಎಂಬುದು 1963ರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾರ್ಟ್‌ನೆಲ್ ಆರೋಗ್ಯ ಕೈಕೊಟ್ಟಾಗ, 1966ರಲ್ಲಿ, ಕಥೆ ನಿಲ್ಲಬಾರದೆಂದು ಹುಡುಕಿದ ಉಪಾಯ ಅದು. ಒಂದೇ ರಾತ್ರಿ ಒಂದೇ ಪಾತ್ರಕ್ಕೆ ಇಬ್ಬರು ಕಲಾವಿದರು ಬರುವ ಯಕ್ಷಗಾನ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಾಕ್ಟರ್ ಸೇರಿದ ಕುಲಕ್ಕೆ ‘ಟೈಮ್ ಲಾರ್ಡ್’ ಎಂಬ ಹೆಸರು ಬಂದದ್ದು 1969ರಲ್ಲಿ, ಮುಖ ಬದಲಾಗುವುದಕ್ಕೆ ‘ರೀಜನರೇಶನ್’ ಎಂಬ ಪದ 1974ರಲ್ಲಿ. ಹನ್ನೆರಡು ಸಲ ಮಾತ್ರ ಬದಲಾಗಬಹುದೆಂಬ ಮಿತಿಯನ್ನು 1976ರಲ್ಲಿ ಹೇರಿದರು, 2013ರಲ್ಲಿ ಅದನ್ನೇ ದಾಟಿದರು. ಮೊದಲ ದಿನದಿಂದ ನೋಡಿದವರೂ ಟೈಮ್ ಲಾರ್ಡ್ ಎಂದರೆ ಏನೆಂದು ಅರಿಯದೆಯೇ ಆರು ವರ್ಷ ಖುಷಿಯಾಗಿ ನೋಡಿದ್ದಾರೆ. ನಿಮಗೇಕೆ ಈ ಪರೀಕ್ಷೆ?

ಡಾಕ್ಟರ್ ಜೊತೆ ಸದಾ ಒಬ್ಬ ಮನುಷ್ಯರನ್ನು ಕಳಿಸುವುದೂ ನಿಮಗಾಗಿಯೇ. ‘ಇದೇನು, ಒಳಗೆ ಇಷ್ಟು ದೊಡ್ಡದಿದೆ?’ ಎಂದು ಡಾಕ್ಟರ್‌ನ ಕಾಲಯಂತ್ರವಾದ ಟಾರ್ಡಿಸ್ ಹೊಕ್ಕವರು ಪ್ರತಿ ಸಲವೂ ಬೆರಗಾಗುವುದು ಅಂದು ಮೊದಲ ಸಲ ಟಿವಿ ಹಾಕಿದವರ ಪರವಾಗಿ. ‘ರೋಸ್’ ನೋಡಿ ಎಂದು ನಾನು ಹೇಳುವುದು ಇದಕ್ಕೇ. ಅದಕ್ಕೆ ಮುಂಚೆ ಹದಿನಾರು ವರ್ಷ ಸರಣಿ ನಿಂತಿತ್ತು, ನಡುವೆ 1996ರ ಒಂದು ಟಿವಿ ಚಿತ್ರ ಬಿಟ್ಟರೆ ಏನೂ ಇರಲಿಲ್ಲ. ಹಾಗಾಗಿ ಅದು ಏನೂ ಗೊತ್ತಿಲ್ಲದ ವೀಕ್ಷಕರಿಗಾಗಿಯೇ ಬರೆದ ಕಂತು.

ನೀವು ಕೇಳದ ಒಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಕಳೆದುಹೋದ ಕಂತುಗಳಲ್ಲಿ ಪ್ರತಿಯೊಂದರ ಧ್ವನಿಯೂ ಇಂದು ನಮ್ಮ ಬಳಿ ಇದೆ. ಅದನ್ನು ಉಳಿಸಿದವರು ವೀಕ್ಷಕರು. ಶನಿವಾರ ಸಂಜೆ ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು, ಮನೆಯವರಿಗೆ ಮಾತನಾಡಬೇಡಿ ಎಂದು ಹೇಳಿ ಕುಳಿತವರು. ಆ ಧ್ವನಿಯ ಮೇಲೆಯೇ ಈಗ ಹಲವು ಕಥೆಗಳಿಗೆ ಅನಿಮೇಶನ್ ಚಿತ್ರ ಕೂಡಿಸಿದ್ದಾರೆ. ಮರಳಿ ಸಿಕ್ಕ ಚಿತ್ರಗಳು ಹೆಚ್ಚಾಗಿ ಬಂದದ್ದು ಹೊರದೇಶಗಳಿಗೆ ಮಾರಿದ್ದ 16 ಎಂಎಂ ಫಿಲ್ಮ್ ಪ್ರತಿಗಳಿಂದ. 2013ರಲ್ಲಿ ಒಂಬತ್ತು ಕಂತುಗಳು ನೈಜೀರಿಯಾದಿಂದ ಒಟ್ಟಿಗೇ ಮರಳಿದ ಸುದ್ದಿ ಓದಿದ ದಿನ ನಾನು ಬೇರೆ ಯಾವ ಕೆಲಸವನ್ನೂ ಮಾಡಲಿಲ್ಲ.

ಹಾರ್ಟ್‌ನೆಲ್ ಮುಖ ಟ್ರೌಟನ್ ಮುಖವಾಗುವ 1966ರ ಕಂತು ಮಾತ್ರ ಇನ್ನೂ ಸಿಕ್ಕಿಲ್ಲ. ಆದರೆ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ತೋರಿಸಿದ್ದರಿಂದ ಆ ಬದಲಾವಣೆಯ ತುಣುಕು ಉಳಿದುಕೊಂಡಿದೆ. ಪೈಪರ್ ಮುಖ ಕಾಣುವ ದೃಶ್ಯವನ್ನು ನೋಡುವ ಮುನ್ನ ಅದನ್ನೂ ಹುಡುಕಿ ನೋಡಿ. ಒಂದು ನಿಮಿಷವೂ ಹಿಡಿಯುವುದಿಲ್ಲ.