ಮೊರೆತವನ್ನು ಮುಳುಗಿಸುವಷ್ಟು ಸದ್ದು ಬೇಡ

ಶಬ್ದ ಚಿಕಿತ್ಸೆಯ ಬಗ್ಗೆ ವಿಚಾರಿಸಲು ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅದನ್ನು ಮನೆಯಲ್ಲಿ ಆಗಲೇ ಆರಂಭಿಸಿಕೊಂಡೇ ಬಂದಿರುತ್ತಾರೆ. ಮೊಬೈಲಿನಲ್ಲಿ ಮಳೆಯ ಸದ್ದು, ಜಲಪಾತದ ಸದ್ದು, ತಂಬೂರಿಯ ಶ್ರುತಿ, ಈಚೆಗೆ ಮನಸ್ಸಿಗೆ ವಿಶೇಷ ಹಿತವೆಂದು ಹೇಳಲಾಗುವ 432 ಹರ್ಟ್ಸ್ ಶ್ರುತಿಯ ಸಂಗೀತ, ಹೀಗೆ ಏನನ್ನು ಕೇಳಬೇಕು ಎಂಬುದರ ಬಗ್ಗೆ ಬೇಕಾದಷ್ಟು ಓದಿರುತ್ತಾರೆ. ಎಷ್ಟು ಜೋರಾಗಿ ಕೇಳಬೇಕು ಎಂಬುದನ್ನು ಮಾತ್ರ ಯೋಚಿಸಿರುವುದಿಲ್ಲ. ಕಿವಿಮೊರೆತ, ಅಂದರೆ ಹೊರಗೆ ಸದ್ದಿಲ್ಲದಿದ್ದರೂ ಕಿವಿಯೊಳಗೆ ಗುಂಯ್‌ಗುಟ್ಟುವ ತೊಂದರೆ, ಇರುವವರಂತೂ ಒಳಗಿನ ಸದ್ದು ಪೂರ್ತಿ ಅಡಗುವವರೆಗೆ ಹೊರಗಿನ ಸದ್ದನ್ನು ಏರಿಸುತ್ತಲೇ ಹೋಗುತ್ತಾರೆ. ಶ್ರವಣತಜ್ಞೆಯಾಗಿ ನಾನು ಮತ್ತೆ ಮತ್ತೆ ತಿದ್ದಬೇಕಾಗಿರುವ ತಪ್ಪು ಇದೇ.

ಸದ್ದನ್ನು ಗ್ರಹಿಸುವ ಒಳಕಿವಿಯ ರೋಮಕೋಶಗಳು ವಯಸ್ಸಿನಿಂದಲೋ ಗದ್ದಲದಿಂದಲೋ ಹಾಳಾದಾಗ ಮಿದುಳಿಗೆ ತಲುಪುವ ಸಂಕೇತಗಳು ಕಡಿಮೆಯಾಗುತ್ತವೆ. ಆ ಕೊರತೆಯನ್ನು ತುಂಬಿಕೊಳ್ಳಲು ಮಿದುಳು ತನ್ನ ಸೂಕ್ಷ್ಮತೆಯನ್ನು ಹೆಚ್ಚಿಸಿಕೊಳ್ಳುವುದರಿಂದ ಮೊರೆತ ಹುಟ್ಟುತ್ತದೆ ಎಂಬ ವಿವರಣೆಯನ್ನು ಇಂದು ಬಹಳಷ್ಟು ತಜ್ಞರು ಒಪ್ಪುತ್ತಾರೆ. ನಿಶ್ಶಬ್ದದಲ್ಲಿ ಅದು ಎದ್ದು ಕೇಳಿಸುವುದು ಸಹಜ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಶ್ರವಣದೋಷವಿಲ್ಲದ 80 ಮಂದಿಯನ್ನು ಶಬ್ದನಿರೋಧಕ ಕೋಣೆಯಲ್ಲಿ ಕೂರಿಸಿದಾಗ ಅವರಲ್ಲಿ ಶೇ. 94ರಷ್ಟು ಮಂದಿಗೆ ಏನಾದರೊಂದು ಸದ್ದು ಕೇಳಿಸಿತ್ತು. ಆದ್ದರಿಂದ ರಾತ್ರಿ ಮಾತ್ರ ಜಾಸ್ತಿಯಾಗುತ್ತದೆ ಎಂದು ಹೆದರುವವರಿಗೆ ನಾನು ಮೊದಲು ಧೈರ್ಯ ಹೇಳುತ್ತೇನೆ.

ನಿದ್ದೆಗೆಡಿಸುವುದು ಸದ್ದಿಗಿಂತ ಹೆಚ್ಚಾಗಿ ಅದರ ಬಗೆಗಿನ ಆತಂಕ. ಅದನ್ನು ಅಪಾಯದ ಸೂಚನೆಯೆಂದು ಮಿದುಳು ಭಾವಿಸಿರುವವರೆಗೆ ದೇಹ ಎಚ್ಚರವಾಗಿಯೇ ಇರುತ್ತದೆ. ಹಿಟ್ಟಿನ ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿಯ ಸದ್ದು ಹೇಗೆ ಕ್ರಮೇಣ ಲೆಕ್ಕಕ್ಕೇ ಬರುವುದಿಲ್ಲವೋ ಹಾಗೆ ಮೊರೆತವನ್ನೂ ಲಕ್ಷ್ಯಕ್ಕೆ ತೆಗೆದುಕೊಳ್ಳದಂತೆ ಮಿದುಳನ್ನು ಒಗ್ಗಿಸುವುದು ನಮ್ಮ ಉದ್ದೇಶ. ಕೇಳಿಸದೇ ಇರುವ ಸದ್ದಿಗೆ ಮಿದುಳು ಒಗ್ಗಿಕೊಳ್ಳಲಾರದು. ಜಾಸ್ಟ್ರೆಬಾಫ್ ಎಂಬ ಸಂಶೋಧಕರು ಮೊರೆತಕ್ಕಾಗಿ ರೂಪಿಸಿದ ಚಿಕಿತ್ಸಾಕ್ರಮದಲ್ಲಿ ಹೊರಗಿನ ಸದ್ದು ಮೊರೆತವನ್ನು ಮುಚ್ಚಿಹಾಕದೆ ಅದರೊಂದಿಗೆ ಬೆರೆಯುವ ಮಟ್ಟದಲ್ಲಿರಬೇಕು, ಅಂದರೆ ಎರಡೂ ಒಟ್ಟಿಗೆ ಕೇಳಿಸುತ್ತಿರಬೇಕು ಎಂದು ಹೇಳಿರುವುದು ಇದಕ್ಕಾಗಿಯೇ.

ಇದನ್ನು ಒಪ್ಪಿಸುವುದು ಸುಲಭವಲ್ಲ. ನಿವೃತ್ತ ಗಣಿತ ಮೇಷ್ಟ್ರೊಬ್ಬರು ರಾತ್ರಿಯಿಡೀ ಇಯರ್‌ಫೋನಿನಲ್ಲಿ ಜಲಪಾತದ ಸದ್ದು ಹಾಕಿಕೊಂಡು ಮಲಗುತ್ತಿದ್ದರು. ಅದನ್ನು ತೆಗೆದ ಮರುಕ್ಷಣ ಮೊರೆತ ಮೊದಲಿಗಿಂತ ಜೋರಾಗಿ ಕೇಳಿಸುತ್ತದೆ ಎಂಬುದು ಅವರ ದೂರು. ನಾನು ಅವರ ಮೊಬೈಲನ್ನು ಮೇಜಿನ ಮೇಲಿಟ್ಟು, ತೀರಾ ಕೆಳಗಿನ ಮಟ್ಟದಿಂದ ಒಂದೊಂದೇ ಹಂತ ಏರಿಸುತ್ತಾ, ಎರಡೂ ಸದ್ದು ಕೇಳಿಸಿದ ಕೂಡಲೇ ಕೈಯೆತ್ತಲು ಹೇಳಿದೆ. ಮೂರನೆಯ ಹಂತಕ್ಕೆ ಕೈಯೆತ್ತಿದರು, ನಾನು ನಿಲ್ಲಿಸಿದೆ. “ಇನ್ನೂ ಗುಂಯ್ ಅಂತಿದೆಯಲ್ಲ ಮೇಡಂ, ಇನ್ನೊಂಚೂರು ಜಾಸ್ತಿ ಮಾಡಿ” ಎಂದರು. ಅದು ಹಾಗೆ ಕೇಳಿಸುತ್ತಿರಲೇಬೇಕು ಸರ್ ಎಂದಾಗ ಅವರ ಮುಖದಲ್ಲಿ ಕಂಡ ಅಪನಂಬಿಕೆಯನ್ನು ನಾನು ಬಹಳ ಜನರಲ್ಲಿ ಕಂಡಿದ್ದೇನೆ, ಅದು ನನಗೆ ಅರ್ಥವೂ ಆಗುತ್ತದೆ. ನಿದ್ದೆಗೆಟ್ಟವರು ತಕ್ಷಣದ ಉಪಶಮನ ಬಯಸುವುದು ತಪ್ಪಲ್ಲ. ಆದರೆ ಈ ಒಗ್ಗಿಕೊಳ್ಳುವಿಕೆಗೆ ತಿಂಗಳುಗಳೇ ಬೇಕಾಗುತ್ತವೆ, ಎಲ್ಲರಿಗೂ ಒಂದೇ ಪ್ರಮಾಣದ ಫಲ ಸಿಗುತ್ತದೆಂದು ನಾನು ಭರವಸೆ ಕೊಡಲಾರೆ.

ಮೊರೆತವಿಲ್ಲದೆ ಬರೀ ನೆಮ್ಮದಿಗಾಗಿ ಕೇಳುವವರಿಗೂ ಮೆಲುಸದ್ದೇ ಸಾಕು. 432 ಹರ್ಟ್ಸ್‌ಗೆ ವಿಶೇಷ ಗುಣವಿದೆ ಎನ್ನಲು ಗಟ್ಟಿಯಾದ ಪುರಾವೆಯಿಲ್ಲ. ನಿಮಗೆ ಹಿತವೆನಿಸುವ, ಏರಿಳಿತವಿಲ್ಲದ ಯಾವ ಸದ್ದಾದರೂ ಆದೀತು, ಫ್ಯಾನಿನ ಸದ್ದೂ ಆದೀತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಸದ್ದನ್ನು ದೊಡ್ಡವರು ವಾರಕ್ಕೆ 40 ಗಂಟೆ ಕೇಳಬಹುದು. ಇಯರ್‌ಫೋನಿನಲ್ಲಿ ರಾತ್ರಿಯಿಡೀ ಜೋರಾಗಿ ಕೇಳುವವರು ಈ ಮಿತಿಯನ್ನು ಸುಲಭವಾಗಿ ದಾಟಿಬಿಡಬಹುದು. ಇಯರ್‌ಫೋನಿಗಿಂತ ದೂರದಲ್ಲಿಟ್ಟ ಸಣ್ಣ ಸ್ಪೀಕರ್ ಒಳ್ಳೆಯದು.

ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಮಿಡಿತದ ಲಯದಲ್ಲಿ ಕೇಳಿಸುತ್ತಿದ್ದರೆ ಅಥವಾ ಜೊತೆಗೆ ತಲೆಸುತ್ತು ಬರುತ್ತಿದ್ದರೆ ಯಾವ ಸದ್ದನ್ನೂ ಹಾಕಿಕೊಳ್ಳುವ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ನಾಳೆಗೆ ಮುಂದೂಡದೆ ಅಂದೇ ಹೋಗಬೇಕು, ಏಕೆಂದರೆ ಅದರ ಚಿಕಿತ್ಸೆಯಲ್ಲಿ ಮೊದಲ ಕೆಲವು ದಿನಗಳೇ ಮುಖ್ಯ.